ಬೋನಪಾದೆಯ ಅಬ್ಬೆ ಮದ್ದಳೆಗೆ ಒಲಿದುದು

ಈಗ ತೆಂಗು ನಿಂತಿರುವಲ್ಲಿ ಕಡಲೇ ಹೊರಳುತ್ತಿದ್ದ ಬಹು ಪುರಾತನ ಕಾಲದಲ್ಲಿ, ಈ ಅಳಿವೆಯ ತೀರದಲ್ಲಿ ನಾದೋಪಾಸನೆಯನ್ನೇ ಪರಮಪುರುಷಾರ್ಥವೆಂದು ನಂಬಿದ ಮಾಬ್ಲಯ್ಯನೆಂಬ ಮದ್ದಳೆಗಾರನಿದ್ದನು. ಗುಡ್ಡದ ಮೇಲಿನ ಗುಡಿಯ ಮಧ್ಯಾಹ್ನಪೂಜೆಯಲ್ಲಿ ಮದ್ದಳೆ ನುಡಿಯದಿದ್ದರೆ ಇನ್ನೆಂದಿಗೂ ಅದನ್ನು ಮುಟ್ಟಕೂಡದೆಂದು ಗುರುವು ಕಟ್ಟಪ್ಪಣೆ ಮಾಡಿದ್ದ ದಿನವೇ, ಅವನು ಬರುತ್ತಿದ್ದ ದೋಣಿಗೆ ತೆರೆ ನುಗ್ಗಿ, ಮದ್ದಳೆಯ ಎಡಬದಿಯ ಚರ್ಮವಾದ ಎಡಮುಚ್ಚಿಗೆಗೆ ಮೆತ್ತಿದ್ದ ಬೋನವೆಲ್ಲ ತೊಳೆದುಹೋಯಿತು. ಅನ್ನಕ್ಕೆ ಬೂದಿ ಕಲಸಿ ನಾದಿದ ಆ ಮುದ್ದೆಯಿಲ್ಲದೆ ಮದ್ದಳೆಯು ಮೂಕವಷ್ಟೆ. ಮಾಬ್ಲಯ್ಯನು ಕರಿಯ ಪಾದೆಗಲ್ಲಿನ ಮೇಲೆ ಕುಳಿತು, ಬುತ್ತಿಯ ಅನ್ನದಲ್ಲಿ ಅರ್ಧಕ್ಕೆ ಬೂದಿ ಬೆರೆಸಿ ಆತುರಾತುರವಾಗಿ ನಾದಿದನು.

ಆಗ ಜೀರ್ಣವಸ್ತ್ರಧಾರಿಣಿಯಾದ ಮುದುಕಿಯೊಬ್ಬಳು ಕೈಯೊಡ್ಡಿ, "ಮಗಾ, ಒಂಚೂರ್ ಬೋನ ಇತ್ತಾ?" ಎಂದಳು. ಬೋನವೆಂದರೆ ಊಟದ ಅನ್ನವೂ ಹೌದೆಂಬುದು ತಲೆತುಂಬ ತಾಳವೇ ಇದ್ದ ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಇವಳ ಮನೆಯಲ್ಲೂ ಮದ್ದಳೆಯಿರಬೇಕೆಂದು ಬಗೆದು, ನಾದಿದ್ದನ್ನೆಲ್ಲ ಕೊಟ್ಟುಬಿಟ್ಟನು. ಅವಳು ಬಾಯಿಗಿಟ್ಟಳು!

"ಅಯ್ಯೋ ಅಬ್ಬೇ, ಅದ್ ಉಂಬುಕಲ್ಲ, ಮದ್ಲಿಗ್ ಹಾಕುಕೆ!"

ಉಳಿದ ಅರ್ಧ ಅನ್ನವನ್ನು ನಾದಿದರೆ ಮದ್ದಳೆ ಉಳಿಯುತ್ತಿತ್ತು. ಆದರೆ ಹಸಿದವಳ ಬಾಯಿಗೆ ಬೂದಿ ಹಾಕಿದೆನಲ್ಲಾ ಎಂಬ ಸಂಕಟಕ್ಕೆ ಮಾಬ್ಲಯ್ಯನ ಕಣ್ಣು ತುಂಬಿ ಬಂದಿತು. ಜೀವದಷ್ಟು ಪ್ರೀತಿಯ ವಾದ್ಯವನ್ನು ಬದಿಗೆ ಸರಿಸಿ, ಆ ಅನ್ನವನ್ನೂ ಅವಳ ಮುಂದಿಟ್ಟನು. ಅಷ್ಟರಲ್ಲಿ ಪೂಜೆಯ ಗಂಟೆಯೂ ಕೇಳಿಸಿತು.

ಮುದುಕಿಯು ಒಂದಗುಳೂ ಬಿಡದೆ ಉಂಡು, ತೇಗಿ, ಬೂದಿ ಮೆತ್ತಿದ ಅಂಗೈಯನ್ನು ಪಾದೆಗೆ ಊರಿ ಎದ್ದು, ಎಡಮುಚ್ಚಿಗೆಗೆ ಒರೆಸಿದಳು. ಒರೆಸಿದ್ದೇ ತಡ, "ಧೀಂ!" ಎಂಬ ಗಂಭೀರನಾದವು ಗುಡ್ಡಕ್ಕೆ ಬಡಿದು ಮರಳಿತು; ಗುಡಿಯಲ್ಲಿ ಮುಖ ಗಂಟಿಕ್ಕಿ ಕಾದಿದ್ದ ಗುರುವು ಶಲ್ಯ ಜಾರಿದ್ದೂ ತಿಳಿಯದೆ ಇಳಿದೋಡಿ ಬಂದನು. ಮುದುಕಿಯು ಅಲ್ಲಿರಲಿಲ್ಲ. "ವಾದ್ಯದ ಬೋನವನ್ನೂ ಹೊಟ್ಟೆಯ ಬೋನವನ್ನೂ ಒಂದೇ ಕೈಯಿಂದ ಉಣಿಸಿದವನು ನೀನೊಬ್ಬನೇ. ಇನ್ನು ಈ ಶಿಲೆಯೇ ನನ್ನ ನೆಲೆ" ಎಂಬ ದಿವ್ಯವಾಣಿಯು ಮಾತ್ರ ನಗುನಗುತ್ತಾ ಕೇಳಿಬಂದಿತು.

ಆ ಪಾದೆಯ ಮೇಲೆ ಐದು ಬೆರಳುಗಳ ಬೂದಿಬಣ್ಣದ ಗುರುತನ್ನು ಭಕ್ತರು ಇಂದಿಗೂ ಕಾಣಬಹುದು. ವಿಜಯದಶಮಿಯಂದು ಮದ್ದಳೆಗಾರರೆಲ್ಲ ಇಲ್ಲಿಯ ಪ್ರಸಾದದ ಅನ್ನದಿಂದಲೇ ಹೊಸ ಬೋನ ಹಾಕುತ್ತಾರೆ. ಅದಕ್ಕೆ ಮೊದಲು ಅರ್ಚಕರು ಅಮ್ಮನ ಪರವಾಗಿ, "ಬೋನ ಇತ್ತಾ?" ಎಂದು ಕೂಗುವುದೂ, ಮದ್ದಳೆಗಾರರು ಕೈಮುಗಿದು, "ಉಂಬುಕಾ ಅಬ್ಬೇ, ಮದ್ಲಿಗಾ?" ಎಂದು ಕೇಳಿಯೇ ಬಡಿಸುವುದೂ ನಡೆದುಬಂದ ಪದ್ಧತಿ.