ಸೂರ್ಯನ ಗಿಂಡಿ ಹುಡುಕಹೋದ ಮಾಳವ್ವ

ಲೋಕ ಆಗಿನ್ನೂ ಹೊಸದಾಗಿತ್ತು, ಮಗು. ಎಷ್ಟು ಹೊಸದು ಅಂದರೆ, ಬೆಟ್ಟಗಳಿಗೆ ತಾವು ಎಲ್ಲಿ ಕೂರಬೇಕು ಅನ್ನುವುದೇ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಕೂತ ಗುಡ್ಡ ನಾಳೆ ಬೆಳಗ್ಗೆ ಅಲ್ಲಿ ಕೂತಿರುತ್ತಿತ್ತು. ಬಂಡೆಗಳು ಒಂದರ ಹೆಗಲ ಮೇಲೊಂದು ಹತ್ತಿ ಆಚೆ ಏನಿದೆ ಎಂದು ಇಣುಕುತ್ತಿದ್ದವು. ಹಳ್ಳಗಳು ದಿನಕ್ಕೊಂದು ದಾರಿ ಹಿಡಿಯುತ್ತಿದ್ದವು. ಗಾಳಿಯ ಮಾತಂತೂ ಕೇಳಬೇಡ, ಅದು ಆಗಲೂ ಈಗಿನ ಹಾಗೇ ಇತ್ತು.

ಸೂರ್ಯನೂ ಆಗ ಹೊಸಬ. ಅಷ್ಟು ದೂರ ನಡೆದು ರೂಢಿಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಯಾರಿ, ಕಲ್ಲುಬೆಟ್ಟದ ನೆತ್ತಿಯ ಮೇಲೆ ಕೂತು, ತನ್ನ ಬಂಗಾರದ ಗಿಂಡಿಯಿಂದ ಗಟಗಟ ನೀರು ಕುಡಿಯುತ್ತಿದ್ದ. ಒಂದು ದಿನ ಅವನು ಕುಡಿಯುತ್ತಿರುವಾಗಲೇ ಕೆಳಗಿನ ಬೆಟ್ಟ ಒಂಚೂರು ಪಕ್ಕಕ್ಕೆ ಸರಿಯಿತು. ಗಿಂಡಿ ಕೈಜಾರಿತು. ಠಣ್, ಠಣ್, ಠಣ್ ಎಂದು ಬಂಡೆಯಿಂದ ಬಂಡೆಗೆ ಹಾರುತ್ತ ಹೋಗಿ ಯಾವುದೋ ಸಂದಿಯಲ್ಲಿ ಕಾಣೆಯಾಯಿತು.

ಸೂರ್ಯನಿಗೆ ಹುಡುಕುವ ಪುರಸೊತ್ತೆಲ್ಲಿ? ಸಂಜೆಯೊಳಗೆ ಪಡುವಣ ಮುಟ್ಟಬೇಕು. ಎದ್ದು ಹೊರಟೇಬಿಟ್ಟ. ಆಮೇಲೆ ಆ ಗಿಂಡಿಯ ಹಿಂದೆ ಬೆಟ್ಟ ಹತ್ತಿದವರು ಬೇಕಾದಷ್ಟು ಜನ. ಸಿಕ್ಕಿತು ಎಂದು ಹೇಳಲು ಇಳಿದು ಬಂದವರು ಒಬ್ಬರೂ ಇಲ್ಲ.

ಅದೇ ಬೆಟ್ಟದ ಬುಡದಲ್ಲಿ, ಹಳ್ಳದ ದಂಡೆಯ ಮೇಲೆ, ಒಂದು ಗುಡಿಸಲಿತ್ತು. ಅದರಲ್ಲಿ ಮೂರು ಜನ: ಮಾಳವ್ವ, ಅವಳ ಅತ್ತೆ ಕರೆವ್ವ, ಮತ್ತೆ ಮಾಳವ್ವನ ನಾಲ್ಕು ವರ್ಷದ ಮಗಳು ಹುಲಗಿ. ಮಾಳವ್ವನ ಗಂಡ ತೀರಿಕೊಂಡಿದ್ದ. ಹಳ್ಳದ ಮರಳು ಜಾಲಿಸಿ ಬಂಗಾರದ ಪುಡಿ ತೆಗೆಯುವುದು ಅತ್ತೆ ಸೊಸೆಯರ ಕಸುಬು.

ಅಕ್ಕಿ ಜಾಲಿಸುವುದನ್ನು ನೀನು ನೋಡಿದ್ದೀಯಲ್ಲ, ಹೆಚ್ಚುಕಡಿಮೆ ಹಾಗೇ. ಮರದ ಉದ್ದನೆಯ ತೊಟ್ಟಿ, ಅದಕ್ಕೆ ಮರಿಗೆ ಅನ್ನುತ್ತಾರೆ. ಅದರಲ್ಲಿ ಮರಳು ತುಂಬಿ, ನೀರಿನಲ್ಲಿ ಹಿಡಿದು, ಮೇಲೆ ಕೆಳಗೆ, ಮೇಲೆ ಕೆಳಗೆ ತೂಗಬೇಕು. ಹಗುರ ಮರಳು ಹರಿದುಹೋಗುತ್ತದೆ, ಭಾರದ ಬಂಗಾರ ತಳದಲ್ಲಿ ಉಳಿಯುತ್ತದೆ. ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಈ ಕಸುಬಿಗೆ ಒಂದು ಕಟ್ಟಳೆಯಿತ್ತು. ದಿನಕ್ಕೆ ಮೂರೇ ಮರಿಗೆ. ಮೂರನೆಯದು ಮುಗಿದ ಕೂಡಲೇ ಮರಿಗೆಯನ್ನು ದಂಡೆಯ ಮೇಲೆ ಬೋರಲು ಹಾಕಿ ಮನೆಗೆ ನಡೆಯಬೇಕು.

"ಇವತ್ತಿಗೆ ಸಾಕು ಅಂತ ಹಳ್ಳಕ್ಕ ತಿಳೀಬೇಕಬೇ, ನಮ್ಮ ಕೈಗೂ ತಿಳೀಬೇಕು," ಎನ್ನುತ್ತಿದ್ದಳು ಕರೆವ್ವ. "ಬೋರಲ ಹಾಕದ ಮರಿಗಿ ಕೈಯಾಗ ಇತ್ತಂದ್ರ ಆ ಕೈ ನಿಲ್ಲೂದಿಲ್ಲ."

ಮಾಳವ್ವ ಹೂಂ ಅನ್ನುತ್ತಿದ್ದಳು. ಆದರೆ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಉಣ್ಣುವಾಗಲೂ ಅವಳ ಒಂದು ಕಾಲು ಹೊಸ್ತಿಲ ಆಚೆಗೇ ಇರುತ್ತಿತ್ತು. ಹುಲಗಿ ಅವ್ವನ ತೊಡೆಯ ಮೇಲೆ ಕೂರಬೇಕೆಂದು ಬಂದರೆ ತೊಡೆಯೇ ಎದ್ದು ಹೋಗಿರುತ್ತಿತ್ತು, ಪಾಪ.

ಆ ವರ್ಷ ಹುಲಗಿಗೆ ಕಿವಿ ಚುಚ್ಚಿಸಿದರು. ತೂತು ಮುಚ್ಚಿಹೋಗದ ಹಾಗೆ ಬೇವಿನ ಕಡ್ಡಿ ಸಿಕ್ಕಿಸಿದರು. ಊರವರಿಗೆಲ್ಲ ಬಂಗಾರ ತೆಗೆದುಕೊಡುವ ಕೈ, ತನ್ನ ಮಗಳ ಕಿವಿಯಲ್ಲಿ ಕಡ್ಡಿ! ಮಾಳವ್ವ ಅದನ್ನು ನೋಡಿದಾಗಲೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಎರಡು ಕಿವಿಗೆ ಎರಡು ಜೋಳದ ಕಾಳಿನಷ್ಟು ಬಂಗಾರವಾದರೆ ಸಾಕು. ಒಂದೂವರೆ ಕಾಳಿನಷ್ಟು ಆಗಲೇ ಕೂಡಿಹಾಕಿ, ನವಿಲುಗರಿಯ ದಂಟಿನೊಳಗೆ ತುಂಬಿ, ಗುಡಿಸಲಿನ ಮಾಡಿನಲ್ಲಿ ಸಿಕ್ಕಿಸಿಟ್ಟಿದ್ದಳು. ಇನ್ನು ಅರ್ಧ ಕಾಳು ಬೇಕಿತ್ತು.

ಅವತ್ತು ಮೂರನೆಯ ಮರಿಗೆ ಅರ್ಧ ಜಾಲಿಸಿದ್ದಳು. ಗಾಳಿ ಬಂದು ಅವಳ ಸೆರಗು ಎಳೆಯಿತು.

"ಮಾಳವ್ವಾ, ಅರ್ಧ ಕಾಳಿಗೆ ಎಷ್ಟ ಒದ್ದಾಡ್ತಿ? ಮ್ಯಾಲಿನ ಸಂದ್ಯಾಗ ಠಣ್ ಅಂತ ಸಪ್ಪಳಾತು. ಗಿಂಡಿ ಅಲ್ಲೇ ಐತಿ."

"ಖರೇನ? ನೀ ನೋಡೀಯೇನು?"

"ಕೇಳೀನಿ. ನಿಂತು ನೋಡಾಕ ನನಗೆಲ್ಲಿ ಆಗತೈತಿ?"

ಗಾಳಿ ಸುಳ್ಳು ಹೇಳುವ ಪೈಕಿ ಅಲ್ಲ. ಆದರೆ ಅದು ಯಾವುದನ್ನೂ ಪೂರ್ತಿ ನೋಡಿರುವುದಿಲ್ಲ. ಮಾಳವ್ವನಿಗೆ ಆ ಅರ್ಧ ಮಾತೇ ಸಾಕಾಯಿತು. ಮರಿಗೆ ಬೋರಲು ಹಾಕಿದರೆ ಇವತ್ತಿನ ಕೆಲಸ ಮುಗಿದ ಹಾಗೆ, ಮೇಲೆ ಹೋಗಿ ಜಾಲಿಸುವ ಹಾಗಿಲ್ಲ ಎಂದುಕೊಂಡು, ಅದನ್ನು ಹಾಗೆಯೇ ಸೊಂಟಕ್ಕೆ ಇಟ್ಟುಕೊಂಡು ಹೊರಟಳು.

"ಏ, ಸಾಕು ಅಂತ ಒಂದು ಮಾತು ಹೇಳಿ ಹೋಗ ತಂಗಿ," ಎಂದಿತು ಹಳ್ಳ. "ನಾನೂ ಒಂಚೂರು ಮಲಗಬೇಕು."

"ನೀ ಮಲಗಿದ್ದನ್ನ ಯಾರು ನೋಡ್ಯಾರ?" ಎಂದು ಮಾಳವ್ವ ನಕ್ಕಳು.

"ಮರಿಗಿ ಬೋರಲ ಹಾಕಿ ಹೋಗಬೇ!" ಎಂದು ಕರೆವ್ವ ಗುಡಿಸಲಿನಿಂದ ಕೂಗಿದಳು.

ಹುಲಗಿ ಕಿವಿಯ ಕಡ್ಡಿ ಮುಟ್ಟಿಕೊಳ್ಳುತ್ತ ಓಡಿಬಂದಳು. "ಯವ್ವಾ, ಎಲ್ಲಿಗೆ ಹೊಂಟಿ? ನನ್ನ ಕೂಡ ಕುಂದ್ರು ಬಾ."

"ಬಂದ್ನಿ ನನ ಮಗಳ. ಇನ್ನೊಂದ ಮರಿಗಿ. ಅಜ್ಜಿ ರೊಟ್ಟಿ ಬಡಿಯೂದ್ರಾಗ ಬರ್ತೀನಿ."

ಹಾಗಂದವಳೇ ಬೆಟ್ಟ ಹತ್ತಿದಳು. ಮೊದಲ ಸಂದಿಯಲ್ಲಿ ಒಂದಿಷ್ಟು ಮರಳು, ಒಂದು ಸಣ್ಣ ಝರಿ. ಜಾಲಿಸಿದಳು. ಮೇಲೆ ಕೆಳಗೆ, ಮೇಲೆ ಕೆಳಗೆ. ತಳದಲ್ಲಿ ಹಳದಿಯಾಗಿ ಏನೋ ಮಿನುಗಿತು. ಅದನ್ನು ಮಡಿಲಿಗೆ ಹಾಕಿಕೊಂಡಳು.

"ಇದು ಗಿಂಡಿಯ ಅಂಚಿನ ಪುಡಿ," ಎಂದಿತು ಗಾಳಿ. "ಗಿಂಡಿ ಇನ್ನೂ ಮ್ಯಾಲೈತಿ."

"ಇನ್ನೊಂದ ಮರಿಗಿ," ಎಂದಳು ಮಾಳವ್ವ.

ಮೇಲಿನ ಗುಡ್ಡಕ್ಕೆ ಹತ್ತುವಷ್ಟರಲ್ಲಿ ಆ ಗುಡ್ಡ ಎದ್ದು ಆಚೆ ಹೋಗಿತ್ತು. ಅದರ ಹಿಂದೆ ಇವಳೂ ಹೋದಳು. ಕಂಡ ಸಂದಿ ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿಕೊಳ್ಳುತ್ತಿತ್ತು, ಮತ್ತೆಲ್ಲೋ ಇನ್ನೊಂದು ಬಾಯಿ ಬಿಡುತ್ತಿತ್ತು. ಅಂಗಾಲು ಬಿರಿಯಿತು, ಮೊಣಕೈ ತರಚಿತು. ಅವಳು ಒಂದು ಗಳಿಗೆ ಕೂರಲಿಲ್ಲ.

ಒಂದು ಕಡೆ ಕರಡಿಯೊಂದು ಹುತ್ತ ಅಗೆಯುತ್ತಿತ್ತು.

"ಏನ ಹುಡುಕಾಕ ಹತ್ತೀಯ ತಂಗಿ?"

"ಸೂರ್ಯನ ಗಿಂಡಿ, ಕರಡಿಯಣ್ಣ. ನೀ?"

"ಗೆದ್ದಲ. ಸಿಕ್ತು, ತಿಂದ್ನಿ, ಇನ್ನ ಮಲಗ್ತೀನಿ. ಗಿಂಡಿ ಸಿಕ್ರ ನೀ ಏನ ಮಾಡ್ತಿ?"

"ನನ ಮಗಳ ಕಿವಿಗೆ ಹಾಕ್ತೀನಿ."

ಕರಡಿ ಮಣ್ಣು ಮೆತ್ತಿದ ಮೂತಿ ಎತ್ತಿ ಅವಳನ್ನೇ ನೋಡಿತು. "ಎರಡು ಕಿವಿಗೆ ಒಂದು ಗಿಂಡಿ ಬಂಗಾರ ಬೇಕೇನಬೇ? ನಿನ ಮಗಳೇನ ಆನಿ ಮರಿಯೇನು?"

ಮಾಳವ್ವನಿಗೆ ನಗು ಬಂತು. ಮಡಿಲಲ್ಲಿ ಆಗಲೇ ಹತ್ತು ಹುಡುಗಿಯರ ಕಿವಿಗೆ ಆಗುವಷ್ಟಿತ್ತು. ಹೌದಲ್ಲ, ಹೋಗಿಬಿಡಲೇ ಅನ್ನಿಸಿತು. ಆದರೆ ಕೈಯಲ್ಲಿ ಮರಿಗೆ ಇನ್ನೂ ಅಂಗಾತವಾಗಿತ್ತು. ಅಷ್ಟರಲ್ಲಿ ಗಾಳಿ ಆಚೆ ದಿಬ್ಬದಿಂದ ಸಿಳ್ಳೆ ಹಾಕಿತು, ಅವಳು ಹೊರಟಳು.

ಎಷ್ಟು ಸಲ ಮಳೆ ಬಂತೋ, ಎಷ್ಟು ಸಲ ಹುಲ್ಲು ಒಣಗಿತೋ. ಓಡಾಡಿ ಸುಸ್ತಾದ ಬೆಟ್ಟಗಳು ಒಂದೊಂದಾಗಿ, ಉಸ್ಸಪ್ಪಾ ಎಂದು, ಇದ್ದಲ್ಲೇ ಕೂತುಬಿಟ್ಟವು. ಹೆಗಲ ಮೇಲೆ ಹತ್ತಿದ್ದ ಬಂಡೆಗಳು ಇಳಿಯಲು ಬೇಜಾರಾಗಿ ಅಲ್ಲೇ ನಿದ್ದೆಹೋದವು. ಹಳ್ಳಗಳು ಒಂದೇ ದಾರಿ ಹಿಡಿದವು. ಲೋಕದಲ್ಲಿ ಕೂರದೆ ಉಳಿದವರು ಇಬ್ಬರೇ, ಒಂದು ಗಾಳಿ, ಇನ್ನೊಬ್ಬಳು ಮಾಳವ್ವ.

ಕೊನೆಗೊಂದು ದಿನ ಬೆಟ್ಟದ ನೆತ್ತಿಯ ದೊಣೆಯಲ್ಲಿ ಅವಳಿಗೆ ಹೊಳಪು ಕಂಡಿತು. ದೊಣೆ ಅಂದರೆ ಬಂಡೆಯ ತಗ್ಗಿನಲ್ಲಿ ನಿಂತ ಮಳೆನೀರು. ಅದರ ತಳದಲ್ಲಿ ಹಳದಿ ಹಳದಿಯಾಗಿ, ಅಲುಗಾಡುತ್ತ, ಗುಂಡಗೆ ಏನೋ ಇತ್ತು. ಮಾಳವ್ವ ಮೊಣಕಾಲೂರಿ ಬಗ್ಗಿದಳು.

ನೀರಿನಲ್ಲಿ ಒಬ್ಬ ಮುದುಕಿ ಇದ್ದಳು. ಬಿಳಿಯ ಕೂದಲು, ಸುಕ್ಕುಗಟ್ಟಿದ ಕೆನ್ನೆ.

"ಅತ್ತಿ, ನೀ ಯಾವಾಗ ಬಂದಿ?" ಎಂದು ಕೇಳಿದಳು ಮಾಳವ್ವ. ಮುದುಕಿಯ ತುಟಿಯೂ ಅವಳ ಜೊತೆಗೇ ಅಲ್ಲಾಡಿತು.

ಆಗ ಅವಳಿಗೆ ತಿಳಿಯಿತು. "ಹುಲಗೀ," ಎಂದು ಚೀರಿದಳು. ತಳದಲ್ಲಿದ್ದದ್ದು ಗಿಂಡಿಯೋ ಬಿಸಿಲೋ ನೋಡಲಿಲ್ಲ. ಮಡಿಲನ್ನು ಎದೆಗವಚಿಕೊಂಡು, ಬಿದ್ದು ಎದ್ದು, ಬೆಟ್ಟ ಇಳಿದು ಓಡಿದಳು.

ಹಳ್ಳದ ದಂಡೆಯಲ್ಲಿ ಒಬ್ಬ ಹೆಂಗಸು ಆಗಷ್ಟೇ ಮರಿಗೆ ಬೋರಲು ಹಾಕುತ್ತಿದ್ದಳು. ಅವಳ ತಲೆಯಲ್ಲೂ ಒಂದೆರಡು ಕೂದಲು ಬೆಳ್ಳಗಾಗಿದ್ದವು.

"ಯಾರು ಬೇಕಾಗಿತ್ತಬೇ?" ಎಂದಳು ಅವಳು. ಮಾಳವ್ವ ಮಡಿಲು ಬಿಚ್ಚಿ ತೋರಿಸಿದಳು. ಬಿಸಿಲಿಗೆ ಬಂಗಾರ ಜಗ್ಗನೆ ಹೊಳೆಯಿತು.

"ನಿನ್ನ ಕಿವಿಗೆ ತಂದೀನಿ, ಹುಲಗಿ."

ಹುಲಗಿ ಕಿವಿ ಮುಟ್ಟಿಕೊಂಡಳು. ಅವಳ ಕಿವಿಯಲ್ಲಿ ಜೋಳದ ಕಾಳಿನಂಥ ಎರಡು ಬಂಗಾರದ ಕಾಳುಗಳಿದ್ದವು.

"ಮಾಡಿನಾಗಿನ ನವಿಲುಗರಿ ಇತ್ತಲ್ಲ, ಅದರಾಗಿಂದು," ಎಂದಳು. "ಉಳದಿದ್ದ ಅರ್ಧ ಕಾಳು ಅಜ್ಜಿ ತಗದ್ಲು. ನೀ ಹೋದ ಐದ ದಿನಕ್ಕ."

ಐದೇ ದಿನ. ಮಾಳವ್ವನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಅತ್ತೆ ಎಲ್ಲಿ ಎಂದು ಅವಳು ಕೇಳಲಿಲ್ಲ, ಗುಡಿಸಲಿನ ಬಾಗಿಲಲ್ಲಿ ಯಾರೂ ಇರಲಿಲ್ಲ.

ಹುಲಗಿ ಹತ್ತಿರ ಬಂದು ಅವ್ವನ ಕೈ ಹಿಡಿದಳು. "ಅಳಬ್ಯಾಡ. ಬಂಗಾರ ಇರ್ಲಿ ಬಿಡು. ನೀ ಬಂದಿ, ಅಷ್ಟ ಸಾಕು. ಕುಂದ್ರು ಯವ್ವಾ. ರೊಟ್ಟಿ ಬಡಿತೀನಿ, ಇಬ್ರೂ ಕುಂತು ಉಣ್ಣೂಣು."

ಮಾಳವ್ವ ಕೂತಳು. ಹುಟ್ಟಿದಾಗಿನಿಂದ ಯಾವುದಕ್ಕೂ ಅಷ್ಟು ಆಸೆಪಟ್ಟಿರಲಿಲ್ಲ ಅವಳು, ಮಗಳ ಪಕ್ಕ ಸುಮ್ಮನೆ ಕೂರಬೇಕು ಎಂದು. ಆದರೆ ಕೈ ಕೇಳಲಿಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ ಮರಿಗೆ ತೂಗುತ್ತಲೇ ಇತ್ತು. ಕೈಯ ಜೊತೆ ಸೊಂಟ, ಸೊಂಟದ ಜೊತೆ ಕಾಲು. ಎದ್ದುಬಿಟ್ಟಳು. ಮತ್ತೆ ಕೂತಳು. ಮತ್ತೆ ಎದ್ದಳು.

"ನಿಲ್ಲವಲ್ಲದು, ಹುಲಗಿ," ಎಂದಳು ಹೆದರಿ.

"ತಾ ಇಲ್ಲಿ, ನಾ ಬೋರಲ ಹಾಕ್ತೀನಿ."

"ಮರಿಗಿ ತುಂಬಿದಾಕೀನ ಬೋರಲ ಹಾಕಬೇಕವ್ವ," ಎಂದಿತು ಹಳ್ಳ, ಬಹಳ ಸಣ್ಣ ದನಿಯಲ್ಲಿ.

ಮಾಳವ್ವ ಹಲ್ಲು ಕಚ್ಚಿ ಮರಿಗೆಯನ್ನು ತಿರುವಿದಳು. ಅದು ಅರ್ಧ ತಿರುಗಿತು, ಮತ್ತೆ ಅಂಗಾತ ಬಂತು. ಇನ್ನೊಮ್ಮೆ ತಿರುವಿದಳು. ಮತ್ತೆ ಅಂಗಾತ. ಹುಲಗಿ ಹಿಂದಿನಿಂದ ಅವ್ವನನ್ನು ಗಟ್ಟಿಯಾಗಿ ತಬ್ಬಿ ನಿಲ್ಲಿಸಲು ನೋಡಿದಳು. ಅವ್ವ ನಿಲ್ಲಲಿಲ್ಲ, ತಬ್ಬಿಕೊಂಡ ಹುಲಗಿಯೂ ಅವಳ ಜೊತೆ ತೂಗತೊಡಗಿದಳು. ಅವ್ವನ ಬೆನ್ನಿಗೆ ಮುಖ ಒತ್ತಿ, ನಾಲ್ಕು ವರ್ಷದ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಅವತ್ತು ಮೊದಲ ಸಲ ಗಾಳಿ ಒಂದು ಕಡೆ ನಿಂತು, ಪೂರ್ತಿ ನೋಡಿತು. ನೋಡಿ ಅದಕ್ಕೆ ನಾಚಿಕೆಯಾಯಿತು.

"ತಪ್ಪಾತು ಮಾಳವ್ವಾ," ಎಂದಿತು. "ನಿಲ್ಲಸೂದು ನನಗೂ ಬರೂದಿಲ್ಲ. ಭಾರ ಇಳಸೂದಷ್ಟ ಗೊತ್ತು, ಅದನ್ನ ಮಾಡ್ತೀನಿ."

ಮೆಲ್ಲಗೆ ಊದಿತು. ಮಾಳವ್ವ ಹಗುರಾದಳು, ಇನ್ನೂ ಹಗುರಾದಳು. ಬಂಡೆಯ ಧೂಳು ಮೆತ್ತಿದ ಸೀರೆ ಬೂದುಬಣ್ಣದ ಬೆನ್ನಾಯಿತು. ಮಡಿಲ ಬಂಗಾರ ಹೊಟ್ಟೆಗೆ ಅಂಟಿ ಹಳದಿ ಗರಿಯಾಯಿತು. ಉದ್ದನೆಯ ಮರಿಗೆ ಉದ್ದನೆಯ ಬಾಲವಾಯಿತು. ಹುಲಗಿ ಕಣ್ಣು ಬಿಟ್ಟಾಗ ಅವಳ ತೋಳುಗಳ ನಡುವೆ ಯಾರೂ ಇರಲಿಲ್ಲ. ಕಾಲ ಬಳಿಯ ಕಲ್ಲಿನ ಮೇಲೆ ಒಂದು ಪುಟ್ಟ ಹಕ್ಕಿ, ಅವಳನ್ನೇ ನೋಡುತ್ತ, ಬಾಲ ತೂಗುತ್ತಿತ್ತು.

ಓದಿದವರು ಆ ಹಕ್ಕಿಗೆ ಸಿಪಿಲೆ ಅನ್ನುತ್ತಾರೆ. ನಿಮ್ಮಂಥ ಪೋಕರಿಗಳು, ಕುಂಡೆ ಕುಣಿಸುತ್ತದೆ ಅಂತ, ಕುಂಡೆಕುಸ್ಕ ಎಂದು ನಗುತ್ತೀರಿ. ನಗಿ, ಅದಕ್ಕೇನೂ ಬೇಜಾರಿಲ್ಲ. ಬೇಸಿಗೆಯಲ್ಲಿ ಅದು ಎಲ್ಲೋ ಉತ್ತರದ ದೊಡ್ಡ ದೊಡ್ಡ ಬೆಟ್ಟಗಳಿಗೆ ಹೋಗುತ್ತದೆ. ಮಳೆ ನಿಂತು ಹಳ್ಳ ತಿಳಿಯಾದ ಕೂಡಲೇ, ಒಂದು ವರ್ಷವೂ ತಪ್ಪದೆ, ತಿರುಗಿ ಬರುತ್ತದೆ.

ಅದಕ್ಕೇ ಮಗು, ಬಟ್ಟೆ ಒಗೆಯುವ ಹೆಂಗಸರು ಹಳದಿ ಹೊಟ್ಟೆಯ ಆ ಹಕ್ಕಿಯನ್ನು ಕಂಡರೆ ಇವತ್ತಿಗೂ "ಕುಂದ್ರಬೇ" ಅನ್ನುತ್ತಾರೆ, ಅದು ಕಲ್ಲಿನಿಂದ ಕಲ್ಲಿಗೆ ಹಾರಿ ಅವರ ಪಕ್ಕಕ್ಕೇ ಬರುತ್ತದೆ, ಇನ್ನೇನು ಕೂತೇಬಿಟ್ಟಿತು ಅನ್ನಿಸುತ್ತದೆ, ಬಾಲ ಮಾತ್ರ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ.