ಬಿರುಕಿನೊಳಗಿನ ಜೇನು

ಟೈಲರ್ ನೀಲಮ್ಮ ಬಾಡಿಗೆಗಿದ್ದ ಮನೆಯ ಬೀದಿಗೋಡೆ ಬಿರುಕು ಬಿಟ್ಟಿತ್ತು. ರಿಪೇರಿ ಕೇಳಿದಾಗಲೆಲ್ಲ ಮಾಲೀಕ ಓಂಕಾರಪ್ಪನವರು, "ಇದ್ರೆ ಇರು, ಇಲ್ದಿದ್ರೆ ಜಾಗ ಖಾಲಿ ಮಾಡು" ಎಂದು ಗದರುತ್ತಿದ್ದರು.

ಒಂದು ದಿನ ನೀಲಮ್ಮ ಬಿರುಕಿನಲ್ಲಿ ಓಡಾಡುತ್ತಿದ್ದ ನಸರಿ ಜೇನುಗಳನ್ನು ತೋರಿಸಿದಳು. "ಇವಕ್ಕೆ ಕುಟುಕೋ ಮುಳ್ಳೇ ಇಲ್ಲ ಸ್ವಾಮಿ. ತುಪ್ಪವಂತೂ ಔಷಧಿ. ನಾನು ತಗೊಳ್ಳಲಾ?"

"ಗೋಡೆ ನನ್ನದು, ಜೇನೂ ನನ್ನದು!"

ಮರುದಿನವೇ ಓಂಕಾರಪ್ಪನವರು ಗೋಡೆ ಒಡೆಸಿದರು. ಜೇನ್ನೊಣಗಳು ಕುಟುಕಲಿಲ್ಲ, ಆದರೆ ಅವರ ಕಿವಿ, ಮೂಗು, ಮೀಸೆಗೆ ನುಗ್ಗಿ ಕಚ್ಚಿದವು. ಸಿಕ್ಕಿದ್ದು ಎರಡು ಚಮಚ ಹುಳಿ ತುಪ್ಪ. ನೀಲಮ್ಮ ಗೂಡನ್ನು ಮಡಕೆಗೆ ಇಳಿಸಿಕೊಂಡಳು. ಬಾಯ್ತೆರೆದ ಗೋಡೆ ನೋಡಿ ಬೀದಿಯವರೆಲ್ಲ ನಗತೊಡಗಿದಾಗ ಓಂಕಾರಪ್ಪನವರು ಹೊಸದಾಗಿ ಕಟ್ಟಿಸಲೇಬೇಕಾಯಿತು.

ಸುಣ್ಣ ಬಳಿದ ದಿನ ನೀಲಮ್ಮ ಕೈಮುಗಿದಳು.

"ಬಚ್ಚಲುಗೋಡೆಯ ಬಿರುಕಲ್ಲೂ ಒಂದು ಗೂಡಿದೆ ಸ್ವಾಮಿ. ಅದೂ ನಿಮ್ಮದೇ."