ಅಟ್ಟದ ಮೇಲಿನ ಕಿವಿ

"ಅಪ್ಪಾರೆ, ಸರ್ಕಾರದವರು ಫೋನಿನೊಳಗಿಂದ ನಮ್ಮ ಮಾತೆಲ್ಲಾ ಕೇಳಸ್ಕೋತಾರಂತ. ನಾವು ಏನು ನೋಡಬೇಕು, ಯಾರ ಮ್ಯಾಲೆ ಸಿಟ್ಟಾಗಬೇಕು ಅನ್ನೋದನ್ನೂ ಕಣ್ಣಿಗೆ ಕಾಣದ್ದು ಒಂದು ಒಳಗ ಕುಂತು ಠರಾಯಿಸ್ತದಂತ. ಖರೆ ಏನ್ರಿ?" ಎಂದು ಅಡಿವೆಪ್ಪನೆಂಬ ಶಿಷ್ಯ ಗುರುಗಳನ್ನು ಕೇಳಿದ. ಈ ವಿಷಯದ ವಿಡಿಯೋಗಳನ್ನು ಅವನು ಮೂರು ತಿಂಗಳಿಂದ ಫೋನಿನಲ್ಲಿ ಹುಡುಕಿ ಹುಡುಕಿ ಒಂದೂ ಬಿಡದೆ ನೋಡಿದ್ದ. ಮನೆಯಲ್ಲಿ ಹೆಂಡತಿಯ ಜೊತೆ ಮನಸ್ಸು ಬಿಚ್ಚಿ ಮಾತಾಡುವುದನ್ನೂ ಬಿಟ್ಟಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಅವನ ತಮ್ಮ ರಾಜನ ಸೈನ್ಯದಿಂದ ತಪ್ಪಿಸಿಕೊಂಡು ಬಂದಿದ್ದ. ಹಾಗೆ ಓಡಿಬಂದವರಿಗೆ ಆ ರಾಜ್ಯದಲ್ಲಿ ಮರಣದಂಡನೆ. ಅಣ್ಣ ಅವನನ್ನು ಅಟ್ಟದ ಮೇಲೆ, ಉಣ್ಣೆಯ ಮೂಟೆಗಳ ಹಿಂದೆ ಬಚ್ಚಿಟ್ಟ. ಹೊತ್ತುಹೊತ್ತಿಗೆ ರೊಟ್ಟಿ ಕೊಟ್ಟು, ಪಕ್ಕದಲ್ಲಿ ಕೂತು ನಾಲ್ಕು ಮಾತಾಡಿ ಇಳಿಯುತ್ತಿದ್ದ. ಊರಿಗೆ ಅದರ ಸುಳಿವೂ ಇರಲಿಲ್ಲ.

ಪೇಟೆಯ ಕಟ್ಟೆಯ ಮೇಲೆ ಒಬ್ಬ ಸುದ್ದಿಗಾರ ಹಲಗೆ ಬಡಿದು ಸುದ್ದಿ ಹೇಳುತ್ತಿದ್ದ. ಜೋಳದ ಬೆಲೆ ಹೇಳಿದರೆ ಯಾರೂ ನಿಲ್ಲುತ್ತಿರಲಿಲ್ಲ. ಒಂದು ದಿನ ಅವನು, ರಾಜ ಬಾವಿಯ ರಾಟೆಯಲ್ಲಿ ಕಿವಿ ಇಟ್ಟಿದ್ದಾನೆ ಎಂದ. ಹತ್ತು ಜನ ನಿಂತರು. ಮರುದಿನ, ಬೀಸುವ ಕಲ್ಲಿನಲ್ಲೂ ಇದೆ ಎಂದ. ಪೇಟೆಗೆ ಪೇಟೆಯೇ ನಿಂತಿತು. ಹೆಂಗಸರು ನೀರು ಸೇದುವಾಗ ಮಾತು ಬಿಟ್ಟರು, ಬೀಸುವಾಗ ಹಾಡು ಬಿಟ್ಟರು. ಆ ಕಿವಿಯನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಆದರೆ ಅದು ಎಲ್ಲರಿಗೂ ಗೊತ್ತಿತ್ತು.

ಕಂಬಳಿಯವನು ದಿನವೂ ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದಮೇಲೆ ಹೋಗುತ್ತಿದ್ದ. ಪಾಪ, ಅವನ ಭಯ ಅವನಿಗೆ. ಮಗ್ಗ ಹಾಗೆಯೇ ಬಿದ್ದಿತ್ತು. ಅಟ್ಟ ಹತ್ತಿದರೆ ಈಗ ರೊಟ್ಟಿ ಇಟ್ಟು ಸುಮ್ಮನೆ ಇಳಿಯುತ್ತಿದ್ದ.

"ಅಣ್ಣಾ, ಒಂದ ಮಾತರ ಆಡೋ," ಎಂದು ತಮ್ಮ ಬೇಡಿಕೊಂಡ. ಅಣ್ಣ ಬಾಯಿಯ ಮೇಲೆ ಬೆರಳಿಟ್ಟು ಇಳಿದುಹೋದ. ಇಷ್ಟು ಒಂಟಿತನವನ್ನು ತಮ್ಮ ಸೈನ್ಯದಲ್ಲಿಯೂ ಕಂಡಿರಲಿಲ್ಲ.

ಬಾಯಿ ಮುಚ್ಚಿದರೂ ಕಂಬಳಿಯವನ ಸಂಶಯ ಹೋಗಲಿಲ್ಲ. ಒಂದು ಸಂತೆಯ ದಿನ ತಡೆಯಲಾರದೆ ಸುದ್ದಿಗಾರನನ್ನು ಕೇಳಿಯೇಬಿಟ್ಟ: "ಅಟ್ಟದಾಗೂ ಇಟ್ಟಾರೇನು? ಉಣ್ಣಿ ಮೂಟಿ ಹಿಂದ ಕುಂತವರು ಕೆಮ್ಮಿದರ ಕೇಳಸ್ತದೇನು?"

ಸುದ್ದಿಗಾರ ಅವನ ಮುಖ ನೋಡಿದ. "ಎಲ್ಲಾಕ್ಕಿಂತ ಮೊದಲ ಇಟ್ಟದ್ದು ಅಟ್ಟದಾಗ," ಎಂದ.

ಕಂಬಳಿಯವನು ಕೇಳಿದ್ದನ್ನು ಸಂತೆಗೆ ಸಂತೆಯೇ ಕೇಳಿಸಿಕೊಂಡಿತು. ಮರುದಿನ ಬೆಳಿಗ್ಗೆ ಸೈನಿಕರು ಬಂದರು. ಮನೆಯಲ್ಲಿ ಬೇರೆಲ್ಲೂ ಹುಡುಕಲಿಲ್ಲ. ನೆಟ್ಟಗೆ ಅಟ್ಟ ಹತ್ತಿ, ಮೂಟೆ ಸರಿಸಿ, ತಮ್ಮನನ್ನು ಎಳೆದುಕೊಂಡು ಹೋದರು. ಅವನು ಮತ್ತೆ ಬರಲಿಲ್ಲ.

ಕಂಬಳಿಯವನು ಅಳುತ್ತಾ ಪೇಟೆಗೆ ಓಡಿ ಸುದ್ದಿಗಾರನ ಹೆಗಲ ಮೇಲಿನ ವಸ್ತ್ರ ಹಿಡಿದು ಜಗ್ಗಿದ. "ನೀ ರಾಜನ ಮನುಷ್ಯಾ ಇದ್ದಿ," ಎಂದ.

"ನಾ ಅರಮನಿ ಬಾಗಿಲಾನೂ ನೋಡಿಲ್ಲ," ಎಂದ ಸುದ್ದಿಗಾರ. "ಯಾವ ಮಾತಿಗೆ ಮಂದಿ ನಿಂದರತಾರೋ ಆ ಮಾತ ಮತ್ತ ಮತ್ತ ಹೇಳತೀನಿ. ನನಗ ಬರೂದು ಅಷ್ಟ. ನೀ ಎಲ್ಲಾರಿಗಿಂತ ಹೆಚ್ಚು ನಿಂತಿ."

ಅಷ್ಟರಲ್ಲಿ ಜನ ಸೇರಿದ್ದರು. ಸುದ್ದಿಗಾರ ವಸ್ತ್ರ ಬಿಡಿಸಿಕೊಂಡು ಹಲಗೆ ಬಡಿದ. ಅಟ್ಟದಲ್ಲಿ ಕಿವಿ ಇದ್ದದ್ದು ಖಾತ್ರಿಯಾಯಿತು ನೋಡಿ ಎಂದು ಸಾರಿದ. ಜನ ಹೌದು ಹೌದು ಎಂದರು. ಇನ್ನು ಮುಂದೆ ಎಲ್ಲೆಲ್ಲಿ ಇಡುತ್ತಾರೆ ಎಂಬುದನ್ನು ಅವನು ಹೇಳತೊಡಗಿದ. ಕಂಬಳಿಯವನು ಕಣ್ಣೊರೆಸಿಕೊಂಡು ಅಲ್ಲಿಯೇ ನಿಂತು ಕೇಳಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ. "ಅದೆಲ್ಲಾ ಇರಲ್ರಿ ಅಪ್ಪಾರೆ, ರಾಜ ಕಿವಿ ಇಟ್ಟಿದ್ದನೋ ಇಲ್ಲೋ, ಅಷ್ಟು ಹೇಳ್ರಿ," ಎಂದ.

ಗುರುಗಳು ಅವನನ್ನೇ ನೋಡುತ್ತಾ ಹೇಳಿದರು: "ಇಟ್ಟಿದ್ದರೂ ಇಟ್ಟಿದ್ದಾನು; ನನ್ನ ಕೇಳೂಕಿಂತ ಮೊದಲ ನೀ ಇದನ್ನ ಆ ಫೋನಿಗೇ ಎಷ್ಟು ಸಲ ಕೇಳೀದಿ?"